ನಾಲ್ಕು ಮನೆ ಶ್ರುತಿ

ಸೋಮವಾರ, ೧೭ ಜನವರಿ ೨೦೦೦
ದೋಣಿಗಲ್

ಇವತ್ತಿನಿಂದ ಆರು ವಾರ ಮಾತಿಲ್ಲ. ಪಿಸುಮಾತೂ ಕೂಡದಂತೆ, ಅದು ಗಂಟಲಿಗೆ ಇನ್ನೂ ಕೇಡು ಎಂದು ಮಂಗಳೂರಿನ ಡಾಕ್ಟರು ಹೇಳಿದರು. ದನಿ ಹುಟ್ಟುವ ಜಾಗದಲ್ಲಿ ಎರಡು ಗಂಟು, ಎದುರುಬದುರು, ಅಕ್ಕಿಕಾಳಿಗಿಂತ ಚಿಕ್ಕವು. ಟಿ.ವಿ. ಪರದೆಯ ಮೇಲೆ ತೋರಿಸಿದರು. ಜನ ಚಪ್ಪಾಳೆ ತಟ್ಟಿದ್ದು ಇದಕ್ಕೇನಾ ಎಂದು ನೋಡಿದರೆ ಒದ್ದೆಯಾದ ಎರಡು ಬಿಳಿ ದಾರ, ಅಷ್ಟೆ.

ಆರು ವಾರದಲ್ಲಿ ಕರಗಿದರೆ ಸರಿ. ಇಲ್ಲದಿದ್ದರೆ ಆಪರೇಷನ್. ಆಪರೇಷನ್ ಆದಮೇಲೆ ದನಿ ಹಿಂದಿನ ಹಾಗೇ ಬರುತ್ತದೆಯೇ ಅಂತ ಅವರು ಹೇಳಲಿಲ್ಲ. ನಾನು ಕೇಳಲಿಲ್ಲ, ಕೇಳುವ ಹಾಗಿರಲಿಲ್ಲ.

ಏಪ್ರಿಲ್ ಇಪ್ಪತ್ತರಿಂದ ನಾಲ್ಕು ದಿನ ಬೆಂಗಳೂರಿನಲ್ಲಿ ಸ್ಟುಡಿಯೋ ಗೊತ್ತಾಗಿದೆ. ನನ್ನ ಎರಡನೇ ಕ್ಯಾಸೆಟ್. ಎಂಟು ಹಾಡು ಬೇಕು, ನನ್ನ ಹತ್ತಿರ ಮೂರಿವೆ. ಮೂರೂ ಹಾರ್ಮೋನಿಯಂನ ಐದೂವರೆ ಮನೆ ಶ್ರುತಿಯಲ್ಲಿ ಕಟ್ಟಿದ್ದು, ಮೊದಲ ಕ್ಯಾಸೆಟ್ಟಿನ ಹಾಗೆ. ಜನಕ್ಕೆ ಗೊತ್ತಿರುವುದು ಆ ಎತ್ತರದ ದನಿಯೇ.

ಹಾಸನದ ನನ್ನ ಕೋಣೆಯಲ್ಲಿದ್ದರೆ ಪಾಠಕ್ಕೆ ಬರುವ ಮಕ್ಕಳು, ಅವರ ತಾಯಂದಿರು, ಮನೆ ಮಾಲೀಕರು ಎಲ್ಲರೂ ಮಾತಾಡಿಸುತ್ತಾರೆ. ಆಲೂರಿನಲ್ಲಿ ಸುಮಿತ್ರ ಚಿಕ್ಕಮ್ಮನ ಮನೆಗೆ ಹೋದರೆ ಮೊದಲ ದಿನವೇ ಮೌನ ಮುರಿಯುತ್ತದೆ. ಶಾಲೆಗೆ ರಜೆ ಬರೆದುಕೊಟ್ಟು ಇಲ್ಲಿಗೆ ಬಂದೆ. ಮಾತಾಡದೆ ಇರುವುದಕ್ಕೆ ಅಪ್ಪನ ಮನೆಗಿಂತ ಒಳ್ಳೆಯ ಜಾಗವಿಲ್ಲ. ನಾವಿಬ್ಬರೂ ಮಾತಾಡಿ ಅಭ್ಯಾಸವೇ ಇಲ್ಲ.

ಡಾಕ್ಟರ ಚೀಟಿ ತೋರಿಸಿದೆ. ಅಪ್ಪ ಎರಡು ಸಲ ಓದಿದರು. ಚಪ್ಪಲಿ ಮೆಟ್ಟಿಕೊಂಡು ಹೋಗಿ ಒಂದು ಸ್ಲೇಟು, ಒಂದು ಡಬ್ಬಿ ಬಳಪ ತಂದು ಮೇಜಿನ ಮೇಲಿಟ್ಟರು. "ದೊಡ್ಡಕ್ಷರದಲ್ಲಿ ಬರಿ. ನಂಗೆ ಸಣ್ಣದು ಕಾಣಲ್ಲ" ಅಂದರು. ಇವತ್ತು ಅವರಾಡಿದ್ದು ಅಷ್ಟೇ.

ಗುರುವಾರ, ೨೦ ಜನವರಿ

ಅಪ್ಪನ ಜೊತೆ ಒಂದೇ ಸೂರಿನಡಿ ಇಷ್ಟು ದಿನ ಒಟ್ಟಿಗೆ ಇದ್ದದ್ದು ನೆನಪಿಲ್ಲ. ಅವರು ಎಡಕುಮೇರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ನಾನು ಅವ್ವ ಆಲೂರಿನಲ್ಲಿ. ತಿಂಗಳಿಗೊಂದು ಸಲ ಬಂದು ಎರಡು ದಿನವಿದ್ದು ಹೋಗುತ್ತಿದ್ದರು. ಅವ್ವ ಹೋದಮೇಲೆ ಚಿಕ್ಕಮ್ಮ ಸಾಕಿದಳು.

ಕೀಮ್ಯಾನ್ ಆಗಿದ್ದರು. ದಿನವೂ ಹಳಿಯ ಗುಂಟ ನಡೆದು, ಸುತ್ತಿಗೆಯಲ್ಲಿ ಬಡಿದು, ಸಡಿಲವಾದದ್ದನ್ನು ಬಿಗಿ ಮಾಡುವ ಕೆಲಸ. ರಿಟೈರ್ ಆಗಿ ಆರು ವರ್ಷ. ಈಗ ರೈಲೇ ಇಲ್ಲ, ದೊಡ್ಡ ಹಳಿ ಹಾಕುವುದಕ್ಕೆ ಲೈನು ಮುಚ್ಚಿದ್ದಾರೆ. ಆದರೂ ಬೆಳಗಾದರೆ ಖಾಕಿ ಅಂಗಿ ತೊಟ್ಟು ಹೊರಡುತ್ತಾರೆ. ಎಲ್ಲಿಗೆ ಅಂತ ಹೇಳುವುದಿಲ್ಲ. ಊಟ ಮಾಡುವಾಗ ಸದ್ದು ಮಾಡುತ್ತಾರೆ. ರೇಡಿಯೋ ದನಿ ಜಾಸ್ತಿ ಇಡುತ್ತಾರೆ. ಹೆದ್ದಾರಿಯ ಲಾರಿ ಸದ್ದಿನ ಮೇಲೆ ರೇಡಿಯೋ ಬೇರೆ.

ನನ್ನ ಕ್ಯಾಸೆಟ್ಟಿನ ಬಗ್ಗೆ ಒಂದು ಮಾತು ಕೇಳಿಲ್ಲ. ಮೊದಲನೆಯದು ಬಂದು ಎರಡು ವರ್ಷವಾಯಿತು, ಆಗಲೂ ಕೇಳಿರಲಿಲ್ಲ.

ಕ್ಯಾಸೆಟ್ ಕಂಪನಿಯ ರವಿಚಂದ್ರ ಬರೆದ ಕಾಗದ ಹಾಸನಕ್ಕೆ ಹೋಗಿ ಅಲ್ಲಿಂದ ಇಲ್ಲಿಗೆ ಬಂದಿದೆ. "'ಮೂರನೇ ದಿನ' ಹಾಡಿಗೆ ಜೋಡಿಯಾಗುವಂಥದ್ದು ಒಂದು ಇರಲೇಬೇಕು ಮೇಡಂ. ಅಪ್ಪ ಮಗಳ ಹಾಡು. ಕೇಳಿದವರು ಅಳಬೇಕು. ಅದಿಲ್ಲದೆ ಎರಡನೇದು ಹೋಗುವುದಿಲ್ಲ."

ಅದು ನನಗೂ ಗೊತ್ತು. ಆದರೆ ಒಂದು ಸಾಲೂ ಬರುತ್ತಿಲ್ಲ.

ಗುರುವಾರ, ೨೭ ಜನವರಿ

ಇವತ್ತು ಅಪ್ಪ "ಟೀ ಕುಡಿಯಾಕೆ ಬತ್ತೀಯಾ?" ಅಂದರು. ಬೆಳಗ್ಗೆ ಹೊರಡುವುದು ಅಲ್ಲಿಗಂತೆ, ಹೆದ್ದಾರಿ ಪಕ್ಕ ತೋಟಪ್ಪನ ಹೋಟೆಲ್ಲಿಗೆ. ಘಾಟಿ ಇಳಿಯುವ ಲಾರಿಗಳೆಲ್ಲ ಅಲ್ಲಿ ನಿಲ್ಲುತ್ತವೆ. ಡ್ರೈವರುಗಳು ತೊಟ್ಟಿಯ ನೀರಲ್ಲಿ ಮುಖ ತೊಳೆದುಕೊಂಡು, ಗೋಡೆಯ ಸಣ್ಣ ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಬೆಂಚಿನ ಮೇಲೆ ಕೂರುತ್ತಾರೆ.

"ಅಯ್ಯೋ, ಕ್ಯಾಸೆಟ್ ಜಗದಾಂಬ ಅಲ್ವಾ ನೀವು! ಬನ್ನಿ ಬನ್ನಿ, ಏನ್ ಪುಣ್ಯ ಮಾರಾಯ ನಂದು!" ಎಂದು ತೋಟಪ್ಪ ಒಲೆ ಬಿಟ್ಟು ಬಂದ.

"ಮಾತಾಡಂಗಿಲ್ಲ ಕಣೋ ಅವ್ಳು. ಡಾಕ್ಟ್ರು ಹೇಳವ್ರೆ" ಅಂದರು ಅಪ್ಪ.

"ಮಾತ್ಯಾಕೆ, ಹಾಡೇ ಐತಲ್ಲ!" ಎಂದು ನನ್ನ ಕ್ಯಾಸೆಟ್ ಹಾಕಿದ. ನೇರ ಆ ಹಾಡಿಗೇ ಓಡಿಸಿದ.

*ದಾರಿ ಇತ್ತು ಬರಲಿಲ್ಲ, ದೀಪ ಇತ್ತು ಉರಿಯಲಿಲ್ಲ,
ಮೂರನೇ ದಿನ ಬಂದವನಿಗೆ ಬಾಗಿಲು ತೆರೆವವರಿರಲಿಲ್ಲ.*

ಇಬ್ಬರು ಡ್ರೈವರುಗಳು ಇಡ್ಲಿ ಕೈಯಲ್ಲೇ ಹಿಡಿದು ನಿಂತರು. ಒಬ್ಬ ಕಣ್ಣೊರೆಸಿಕೊಂಡ. ಯಾರು ಹೇಗೆ ಕೇಳುತ್ತಿದ್ದಾರೆ ಎಂದು ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರನ್ನೂ ನೋಡಿ ಮುಗಿಸಿದ ಮೇಲೆ ಅಪ್ಪನನ್ನು ನೋಡಿದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದರು. ಹಾಡು ಮುಗಿದ ಮೇಲೆ ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದರು.

"ದಿನಾ ಹಾಕ್ತೀನಿ ಕಣ್ರೀ. ಸುಬ್ಬಯ್ಯಣ್ಣ ಒಂದಿನಾನೂ ಮಧ್ಯ ಎದ್ದೋಗಿಲ್ಲ" ಅಂದ ತೋಟಪ್ಪ. "ಮುಗಿಯೋಗಂಟ ಅಲ್ಲಾಡದೆ ಕುಂತಿರ್ತಾರೆ."

ಇಷ್ಟು ಗಮನವಿಟ್ಟು ಕೇಳುವವರು ಎಲ್ಲಿ ಸಿಗುತ್ತಾರೆ. ಖುಷಿಯಾಗಬೇಕಿತ್ತು. ವಾಪಸು ಬರುವಾಗ ಮನೆಯತನಕ ಅವರ ಹಿಂದೆ ನಡೆದೆ, ಪಕ್ಕದಲ್ಲಿ ನಡೆಯಲಿಲ್ಲ.

ಬುಧವಾರ, ೨ ಫೆಬ್ರವರಿ

ಗಂಟಲು ನೋವಿಲ್ಲ. ಹಾಡೂ ಇಲ್ಲ.

ಭಾನುವಾರ, ೬ ಫೆಬ್ರವರಿ

ಸುಮಿತ್ರ ಚಿಕ್ಕಮ್ಮ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋದಳು. ಅಷ್ಟು ಹೊತ್ತೂ ಅವಳದೇ ಮಾತು. ಕಾಫಿ ಒಣಗಿಸುವ ಕಣ, ಪಕ್ಕದ ಮನೆಯ ಬಾಣಂತಿ, ಕಡವೆ ನುಗ್ಗಿದ ಗದ್ದೆ. ಮುಂಚೆಯಾದರೆ ಅವಳು ಉಸಿರು ತೆಗೆದುಕೊಳ್ಳುವಾಗ ನಾನು ನುಗ್ಗುತ್ತಿದ್ದೆ. ಈಗ ನುಗ್ಗುವ ಹಾಗಿಲ್ಲ. ಅವಳು ಸೊಪ್ಪು ಸೋಸುತ್ತಾ ಮಾತಾಡಿದಳು, ನಾನು ಕೈ ನೋಡುತ್ತಾ ಕೂತೆ. ಬಳೆಗಳನ್ನು ಮೊಣಕೈತನಕ ಏರಿಸಿಕೊಳ್ಳುತ್ತಾಳೆ, ಅವು ಜಾರುತ್ತವೆ, ಮತ್ತೆ ಏರಿಸಿಕೊಳ್ಳುತ್ತಾಳೆ. ಮೂವತ್ತೆರಡು ವರ್ಷ ನೋಡಿದ ಕೈ. ನೋಡಿರಲೇ ಇಲ್ಲ.

ಅಪ್ಪ ಸೌದೆ ತರಲು ಹೋದಾಗ ದನಿ ತಗ್ಗಿಸಿದಳು.

"ನಿನ್ನ ಹಾಡನ್ನ ನಿಮ್ಮಪ್ಪ ಮೊದಲು ಕೇಳಿದ್ದೆಲ್ಲಿ ಗೊತ್ತೇನೆ? ನಮ್ಮ ಮಹಾದೇವಯ್ಯನ ಮಗನ ಮದುವೇಲಿ. ಮೈಕಲ್ಲಿ ಹಾಕುದ್ರು. ಊಟದ ಪಂಕ್ತೀಲಿ ಇನ್ನೂರು ಜನ. ಎಲ್ಲಾ ತಿರುಗಿ ಭಾವನ್ನೇ ನೋಡುದ್ರು. ಅವ್ರು ಎಲೆ ಮಡಚ್ದೆ, ಏಳ್ದೆ, ಅನ್ನ ಕಲಸ್ತಾನೇ ಕುಂತಿದ್ರು ಕಣೆ."

ನಾನು ಸ್ಲೇಟಿನ ಮೇಲೆ ಬರೆದೆ: *ನಾನು ಸುಳ್ಳು ಬರೆದಿಲ್ಲ.*

"ಸುಳ್ಳು ಅಂತ ಯಾರಂದ್ರು? ಅಕ್ಕ ಹೋದಾಗ ಅವ್ರು ಮೂರನೇ ದಿನ ಬಂದದ್ದು ನಿಜ. ಆದ್ರೆ ಆ ವಾರ ಗುಡ್ಡ ಜರುಗಿ ಹಳಿ ಮುಚ್ಚೋಗಿತ್ತಂತಲ್ಲ. ಅವ್ರೇನ್ ಹಾರ್ಕಂಡು ಬರ್ಬೇಕಿತ್ತಾ?"

ಗುಡ್ಡ ಜರುಗಿದ ಮಾತು ನನ್ನ ಕಿವಿಗೂ ಆಗ ಬಿದ್ದಿತ್ತು. ಹದಿಮೂರು ವರ್ಷ ನನಗೆ. ಆಮೇಲೆ ಹಾಡು ಕಟ್ಟುವಾಗ ಅದು ಬೇಡವೆನಿಸಿತು. 'ದಾರಿ ಇತ್ತು ಬರಲಿಲ್ಲ' ಎಂಬುದು ರಾಗಕ್ಕೆ ಚೆನ್ನಾಗಿ ಕೂತಿತು. ನಿಜ ಹೇಳಬೇಕೆಂದರೆ ಅಷ್ಟೇ.

ಸೋಮವಾರ, ೭ ಫೆಬ್ರವರಿ

ಸಿಕ್ಕಿತು! ಎರಡನೇ ಕ್ಯಾಸೆಟ್ಟಿನ ಅಪ್ಪನ ಹಾಡು ಇದೇ. ಗುಡ್ಡ ಜರುಗಿದ ಹಾಡು. ಆಚೆ ಅಪ್ಪ, ಈಚೆ ಅವ್ವ, ನಡುವೆ ಮಣ್ಣು. ಮಗಳು ತಪ್ಪು ತಿಳಿದಿದ್ದಳು, ಈಗ ಕ್ಷಮೆ ಕೇಳುತ್ತಾಳೆ. ಅಪ್ಪನಿಗೂ ನ್ಯಾಯ, ರವಿಚಂದ್ರನಿಗೂ ಸಮಾಧಾನ. ಎರಡು ಸಾಲು ಆಗಲೇ ಬಂದಿವೆ. ಇನ್ನು ವಿವರ ಬೇಕು. ಎಲ್ಲಿ ಜರುಗಿತು, ಎಷ್ಟು ಹೊತ್ತಿನಲ್ಲಿ, ಸದ್ದು ಹೇಗಿತ್ತು. ಅಪ್ಪನ ಬಾಯಿ ಬಿಡಿಸಬೇಕು.

ಭಾನುವಾರ, ೧೩ ಫೆಬ್ರವರಿ

ಅಪ್ಪ ಈಚೆಗೆ ಮಾತಾಡುತ್ತಿದ್ದಾರೆ. ನಾನು ಏನೂ ಬಿಡಿಸಿಲ್ಲ, ಸುಮ್ಮನೆ ಕೂತಿರುತ್ತೇನೆ, ಅವರೇ ಶುರು ಮಾಡುತ್ತಾರೆ. ಎದುರು ಕೂತವರು ನಡುವೆ ಬಾಯಿ ಹಾಕುವುದಿಲ್ಲ ಎಂದು ಗೊತ್ತಾದರೆ ಯಾರಿಗಾದರೂ ಮಾತು ಬರುತ್ತದೆಯೋ ಏನೋ.

ಇವತ್ತು ಹಳಿಯ ಮೇಲೆ ಕರೆದುಕೊಂಡು ಹೋದರು. ಕೆಲವು ಕಡೆ ಕಿತ್ತಿದ್ದಾರೆ, ಕೆಲವು ಕಡೆ ಹುಲ್ಲು ಬೆಳೆದಿದೆ. ಸುರಂಗದ ಬಾಯಿತನಕ ನಡೆದೆವು.

"ನೋಡು, ಸುತ್ತಿಗೆ ಬಡುದ್ರೆ ಗಟ್ಟಿ ಇರೋದು ಗಂಟೆ ತರ ಅಂತೈತೆ. ಸಡಿಲ ಆಗಿರೋದು ಮಣ್ಣಿನ್ ಮಡಕೆ ತರ" ಅಂದು ಕಲ್ಲೊಂದನ್ನು ಎತ್ತಿ ಹಳಿಯ ಎರಡು ಕೀಲಿಗೆ ಬಡಿದು ತೋರಿಸಿದರು. "ಕೇಳುಸ್ತಾ? ಇದು ಸಡಿಲ."

ನನಗೆ ಎರಡೂ ಒಂದೇ ಥರ ಕೇಳಿಸಿತು. ಹನ್ನೆರಡು ವರ್ಷ ಸಂಗೀತ ಕಲಿಸಿದವಳಿಗೆ! ಮತ್ತೆ ಬಡಿದರು. ಆರನೇ ಸಲಕ್ಕೋ ಏಳನೇ ಸಲಕ್ಕೋ ಕೇಳಿಸಿತು. ತಲೆಯಾಡಿಸಿದಾಗ ಅಪ್ಪ ನಕ್ಕರು. ಮೇಲಿನ ಎರಡು ಹಲ್ಲಿಲ್ಲ ಅವರಿಗೆ. ಯಾವಾಗ ಬಿದ್ದವೋ ನನಗೆ ಗೊತ್ತಿಲ್ಲ.

ಗುಡ್ಡ ಜರುಗಿದ ಜಾಗ ಯಾವುದು ಅಂತ ಕೇಳಲು ಸ್ಲೇಟು ತಂದಿದ್ದೆ. ಕೇಳಲಿಲ್ಲ. ಬಿಸಿಲು ಜೋರಿತ್ತು.

ಸೋಮವಾರ, ೨೧ ಫೆಬ್ರವರಿ

ಕೇಳಿಬಿಟ್ಟೆ. ಕೇಳಬಾರದಿತ್ತು.

ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಬರೆದೆ: *ಅವ್ವ ಹೋದಾಗ ಗುಡ್ಡ ಎಲ್ಲಿ ಜರುಗಿತ್ತು?*

ಅಪ್ಪ ಸ್ಲೇಟು ತೆಗೆದುಕೊಂಡು ದೂರ ಹಿಡಿದು ಓದಿದರು.

"ಎಲ್ಲೂ ಜರುಗಿರಲಿಲ್ಲ ಕಣವ್ವ" ಅಂದರು.

ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ.

"ಮಂಗಳವಾರ ಮಧ್ಯಾಹ್ನ ಸ್ಟೇಷನ್ ಮಾಸ್ಟ್ರು ಕರ್ದು ಹೇಳುದ್ರು, ಆಲೂರಿಂದ ಫೋನ್ ಬಂದೈತೆ, ಮನೇಲಿ ಜ್ವರ ಜಾಸ್ತಿಯಂತೆ, ಹೊರಡು ಸುಬ್ಬಯ್ಯ ಅಂತ. ಸಂಜಿಗೆ ಒಂದು ಗೂಡ್ಸ್ ಇತ್ತು. ಚೀಲ ತಗಂಡು ಪ್ಲಾಟ್‌ಫಾರಮ್ಮಿಗೆ ಬಂದೆ. ಗಾಡಿ ಬಂತು, ನಿಂತ್ಕಂತು, ಹೊಂಟೋಯ್ತು. ನಾನು ಹತ್ಲಿಲ್ಲ. ಮಾರನೇ ದಿನಾನೂ ಒಂದು ಇತ್ತು. ಅದುನ್ನೂ ಹತ್ಲಿಲ್ಲ."

ನಾನು ಅಲ್ಲಾಡಲಿಲ್ಲ.

"ನಮ್ಮವ್ವ ಜ್ವರ ಬಂದೇ ಹೋಗಿದ್ದು. ನಂಗೆ ಎಂಟು ವರ್ಷ. ಅವ್ಳ ತಲೆ ನನ್ ತೊಡೆ ಮ್ಯಾಲಿತ್ತು. ಇನ್ನೊಂದ್ ಸಲ ಅದುನ್ನ ನೋಡಾಕೆ ನನ್ ಕೈಲಾಗಲ್ಲ ಅನ್ನುಸ್ಬುಡ್ತು. ಹೆದುರ್ಕಂಡೆ. ವಾಸಿ ಆಯ್ತದೆ, ವಾಸಿ ಆಯ್ತದೆ ಅಂತ ಅಲ್ಲೇ ಕುಂತಿದ್ದೆ. ಆಮ್ಯಾಲೆ ಜನ ಅವ್ರೇ ಗುಡ್ಡ ಜರುಗಿರ್ಬೇಕು ಅಂದ್ಕಂಡ್ರು. ನಾನು ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ."

ಎಲೆಯನ್ನು ಮಡಚಿ, ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲೇ ಇಟ್ಟರು.

"ನಿನ್ ಹಾಡು ಕೇಳ್ದಾಗ ಗಾಬ್ರಿಯಾಯ್ತು. 'ದಾರಿ ಇತ್ತು ಬರಲಿಲ್ಲ.' ಇವ್ಳಿಗೆ ಹೆಂಗೆ ಗೊತ್ತಾಯ್ತು ಅಂತ. ಯಾರ್ಗೂ ಹೇಳಿರ್ಲಿಲ್ಲ ನಾನು. ನಿನ್ ಹಾಡು ಸರೀಗೈತೆ ಕಣವ್ವ. ಒಂದು ಅಕ್ಸರಾನೂ ತಪ್ಪಿಲ್ಲ."

ಮಂಗಳವಾರ, ೨೨ ಫೆಬ್ರವರಿ

ಆಲೂರಿಗೆ ಬಂದೆ. ಸ್ಲೇಟಿನ ಮೇಲೆ *ಚಿಕ್ಕಮ್ಮನ ಮನೆಗೆ* ಎಂದಷ್ಟೇ ಬರೆದಿಟ್ಟು ಬಂದೆ.

ಬುಧವಾರ, ೨೩ ಫೆಬ್ರವರಿ

ಎರಡು ಗಾಡಿ. ಎರಡು ಗಾಡಿ ಬಂದು ನಿಂತಿದ್ದವು. ಅವ್ವ ಬುಧವಾರ ಸಂಜೆಯವರೆಗೂ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ನಾನು ನೋಡಿದ್ದೇನೆ.

ಗುಡ್ಡದ ಹಾಡಿನ ಹಾಳೆ ಹರಿದು ಹಾಕಿದೆ.

ಗುರುವಾರ, ೨೪ ಫೆಬ್ರವರಿ

ಚಿಕ್ಕಮ್ಮ "ಏನಾಯ್ತೇ, ಯಾಕೆ ಹಿಂಗೆ ಮುಖ?" ಎಂದು ಇಪ್ಪತ್ತು ಸಲ ಕೇಳಿದಳು. ಅವಳು ಭಾವನ ಪರವಾಗಿ ಇಷ್ಟು ವರ್ಷ ಜಗಳವಾಡಿದ್ದಾಳೆ. ಒಂದು ಚೀಟಿ ಬರೆದುಕೊಟ್ಟರೆ ಮುಗಿಯಿತು. ಪೆನ್ನು ಕೈಗೆ ತೆಗೆದುಕೊಂಡೆ. *ತಲೆನೋವು* ಎಂದು ಬರೆದೆ.

ಹಿಂದಿನ ಬಾಗಿಲಲ್ಲಿ ಕೂತು ಸುಮ್ಮನೆ ಯೋಚಿಸಿದೆ. ಎಂಟು ವರ್ಷದ ಮಗು, ತೊಡೆಯ ಮೇಲೆ ತಾಯಿಯ ತಲೆ. ಆ ಮಗುವನ್ನು ಎಷ್ಟು ಬೈದರೂ ಬೈಗುಳ ಅಂಟುವುದಿಲ್ಲ. ಪ್ಲಾಟ್‌ಫಾರಮ್ಮಿನ ಮೇಲೆ ಚೀಲ ಹಿಡಿದು ನಿಂತ ಗಂಡಸನ್ನು ಬೈಯಬಹುದು. ಅವನನ್ನು ಬೈದು ಮುಗಿಸುವಷ್ಟರಲ್ಲಿ ಮತ್ತೆ ಆ ಮಗು ಬಂದು ನಿಲ್ಲುತ್ತದೆ.

ಶುಕ್ರವಾರ, ೨೫ ಫೆಬ್ರವರಿ

ದೋಣಿಗಲ್ಲಿಗೆ ವಾಪಸು ಬಂದೆ.

ಅಪ್ಪ ಬಸ್ ಸ್ಟಾಪಿನಲ್ಲೇ ಕೂತಿದ್ದ. ಇವತ್ತು ಬರುತ್ತೇನೆಂದು ನಾನು ಹೇಳಿರಲಿಲ್ಲ. ತೋಟಪ್ಪ ಆಮೇಲೆ ಹೇಳಿದ, ಮೂರು ದಿನದಿಂದ ಪ್ರತಿ ಬಸ್ಸಿಗೂ ಅಲ್ಲೇ ಕೂತಿದ್ದನಂತೆ. ನನ್ನನ್ನು ನೋಡಿ ಎದ್ದ. "ಬಸ್ಸಲ್ಲಿ ಸೀಟು ಸಿಕ್ತಾ?" ಅಂದ. ತಲೆಯಾಡಿಸಿದೆ. ನನ್ನ ಚೀಲ ಇಸಿದುಕೊಂಡ. ಪಕ್ಕಪಕ್ಕದಲ್ಲೇ ನಡೆದು ಬಂದೆವು, ಲಾರಿ ಬಂದಾಗ ಮಾತ್ರ ಒಬ್ಬರ ಹಿಂದೆ ಒಬ್ಬರು.

ಮನೆಯಲ್ಲಿ ಅಕ್ಕಿರೊಟ್ಟಿ ಮಾಡಿದ. ಒಂದು ಸೀದಿತ್ತು, ಅದನ್ನು ತಾನು ಹಾಕಿಕೊಂಡ. ನಾನು ಅವನ ತಟ್ಟೆಯಿಂದ ಅದರ ಅರ್ಧ ಮುರಿದುಕೊಂಡೆ.

ಸೋಮವಾರ, ೨೮ ಫೆಬ್ರವರಿ

ಮಂಗಳೂರು. ಗಂಟು ಕರಗುತ್ತಿವೆ, ಆಪರೇಷನ್ ಬೇಡ. ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು, ವಾರವಾರ ಸ್ವಲ್ಪ ಹೆಚ್ಚಿಸಬಹುದು. ಹಾಡುವುದು ಇನ್ನು ಮೂರು ವಾರವಾದ ಮೇಲೆ. "ಆದ್ರೆ ಮೇಲಿನ ಸ್ವರಗಳನ್ನ ಮರೆತುಬಿಡಿ. ಈ ವರ್ಷವಂತೂ ಇಲ್ಲ. ಬಹುಶಃ ಮುಂದೆಯೂ ಇಲ್ಲ" ಅಂದರು ಡಾಕ್ಟರು, ಬಹಳ ಮೆತ್ತಗೆ.

ಬಸ್ಸಿನಲ್ಲಿ ಅತ್ತೆ. ಐದೂವರೆ ಮನೆಯ ಆ ದನಿ ಹೋಯಿತು. ಇಪ್ಪತ್ತು ವರ್ಷ ಸಾಕಿದ್ದು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತು "ಏನಂದ್ರು?" ಅಂದ. ಆರು ವಾರದ ಮೇಲೆ ಮೊದಲ ಮಾತು ಏನಾಡಬೇಕೆಂದು ಬಸ್ಸಿನಲ್ಲಿ ಏನೇನೋ ಯೋಚಿಸಿಕೊಂಡಿದ್ದೆ. ಬಂದದ್ದು ಇಷ್ಟು: "ಮೇಲೆ ಹೋಗಲ್ವಂತಪ್ಪ ಇನ್ನು."

ದನಿ ಯಾರದ್ದೋ ಅನ್ನಿಸಿತು. ಒರಟು, ದಪ್ಪ. ಅಪ್ಪನ ಮುಖ ಒಂಥರಾ ಆಯಿತು.

"ನಿಮ್ಮವ್ವನ ದನಿ ಹಿಂಗೇ ಇತ್ತು" ಅಂದ. "ಬೆಳಿಗ್ಗೆ ಎದ್ದ ತಕ್ಷಣ."

ಉಳಿದ ಒಂಬತ್ತು ನಿಮಿಷವೂ ಅವ್ವನ ಬಗ್ಗೆ ಕೇಳಿದೆ. ಹತ್ತು ನಿಮಿಷವಾಯಿತು ಎಂದು ಅಪ್ಪನೇ ಗಡಿಯಾರ ನೋಡಿ ನಿಲ್ಲಿಸಿದ. ಆಮೇಲೆ ಕತ್ತಲಾಗುವ ತನಕ ಅವನೇ ಹೇಳಿದ. ಅವ್ವನಿಗೆ ರೈಲಿನ ಕಿಟಕಿ ಪಕ್ಕ ಕೂತರೆ ವಾಕರಿಕೆ ಬರುತ್ತಿತ್ತಂತೆ, ಆದರೂ ಕಿಟಕಿಯೇ ಬೇಕಂತೆ. ನನಗಿದು ಗೊತ್ತೇ ಇರಲಿಲ್ಲ.

ಶುಕ್ರವಾರ, ೧೦ ಮಾರ್ಚ್

ಹಾಡು ಬರುತ್ತಿವೆ. ಹುಡುಕಿದ್ದಲ್ಲ. ತೋಟಪ್ಪನ ಹೋಟೆಲ್ಲಿನಲ್ಲಿ ಕೂತಿದ್ದಾಗ ಒಂದು ಬಂತು:

*ಮುಖ ತೊಳಕೊಂಡು ಹೋಗಣ್ಣ, ಘಾಟಿ ಇಳಿಯೋ ಮುಂಚೆ,
ಬಿಸಿ ನೀರೈತೆ, ಸೋಪೈತೆ, ಕುಂತ್ಕಳಾಕೆ ಬೆಂಚೈತೆ.*

ಇನ್ನೊಂದು ಕಾಫಿ ಕುಯ್ಯುವ ಭೂತಮ್ಮನದು, ತೋಟದ ಕೂಲಿಗಳ ಲೈನ್ ಮನೆಯ ನಲ್ಲಿಯ ಹತ್ತಿರ ದಿನಾ ಸಿಗುತ್ತಾಳೆ. ಇನ್ನೊಂದು ಕಿಟಕಿ ಪಕ್ಕವೇ ಬೇಕೆನ್ನುವ ಹೆಂಗಸಿನದು. ಹಳೆಯ ಮೂರು ಹಾಡು ತೆಗೆದು ನೋಡಿದೆ. ಮೂರರಲ್ಲೂ ಒಬ್ಬಳೇ ಹೆಂಗಸು ಕನ್ನಡಿ ಮುಂದೆ ಕೂತ ಹಾಗಿದೆ. ಯಾಕೋ ಹಿಡಿಸಲಿಲ್ಲ, ಬಿಟ್ಟುಬಿಟ್ಟೆ. ಕೆಟ್ಟ ಹಾಡುಗಳೇನಲ್ಲ.

ಹೋದ ವಾರದ ಹೂಮಳೆಗೆ ಎದುರಿನ ಗುಡ್ಡ ಪೂರ್ತಿ ಬೆಳ್ಳಗಾಗಿದೆ. ಕಾಫಿ ಹೂವಿನ ವಾಸನೆಗೆ ಅಪ್ಪನಿಗೆ ಸೀನು. ಒಂದಾದ ಮೇಲೊಂದು, ಹನ್ನೊಂದು ಎಣಿಸಿದೆ.

ಭಾನುವಾರ, ೨೬ ಮಾರ್ಚ್

ಯೋಗಾನಂದ ಹಾಸನದಿಂದ ಹಾರ್ಮೋನಿಯಂ ಹೊತ್ತುಕೊಂಡು ಬಂದ. ಮೊದಲ ಕ್ಯಾಸೆಟ್ಟಿಗೆ ವಾದ್ಯ ಕೂರಿಸಿದವನು ಅವನೇ. ಹೊಸ ಹಾಡನ್ನು ಎರಡು ಸಲ ಓದಿದ. "ಹಾಡು" ಅಂದ.

ಐದೂವರೆಯಲ್ಲಿ ಶುರು ಮಾಡಿದೆ. ಎರಡನೇ ಸಾಲಿಗೆ ದನಿ ಒಡೆದು ಗಾಳಿ ಬಂತು. ಐದಕ್ಕೆ ಇಳಿಸಿದ. ಅದೂ ಆಗಲಿಲ್ಲ.

"ನಾಲ್ಕು ಮನೆಗೆ ಇಳಿಸ್ತೀನಿ" ಅಂದ.

"ಅದು ಗಂಡಸರ ಹತ್ರದ ಶ್ರುತಿ. ಬೇಡ. ಕ್ಯಾಸೆಟ್ಟೇ ಬೇಡ ಬಿಡು" ಅಂದೆ. ಎದ್ದು ಒಳಗೆ ಹೋಗುವುದರಲ್ಲಿದ್ದೆ.

ಅವನು ನಾಲ್ಕರ ಮನೆ ಒತ್ತಿ ಹಿಡಿದು ಸುಮ್ಮನೆ ತಿದಿ ಎಳೆಯುತ್ತಾ ಕೂತ. ಸ್ವಲ್ಪ ಹೊತ್ತಾದ ಮೇಲೆ ನಾನೇ ಕೂತು ಮೆಲ್ಲಗೆ ಶುರು ಮಾಡಿದೆ. ಮಾತಾಡುವ ಹಾಗೆ. ಯಾರನ್ನೂ ಕರೆಯಬೇಕಾಗಿಲ್ಲ, ಎದುರಿಗೇ ಇದ್ದಾರೆ ಅನ್ನುವ ಹಾಗೆ. ಒಡೆಯಲಿಲ್ಲ.

ಹಾಡು ಮುಗಿದಾಗ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಈಳಿಗೆಮಣೆ ಕೈಯಲ್ಲಿ ಹಿಡಿದು ನಿಂತಿದ್ದ. ಯೋಗಾನಂದ "ಹೆಂಗಿದೆ ಸುಬ್ಬಯ್ಯನೋರೆ?" ಅಂದ.

"ಇದಾದ್ರೆ ಪಕ್ಕದಲ್ಲಿ ಕುಂತು ಕೇಳ್ಬೋದು" ಅಂದ ಅಪ್ಪ. ಬದನೆಕಾಯಿ ಹೆಚ್ಚಲು ಒಳಗೆ ಹೋದ.

ಸೋಮವಾರ, ೩ ಏಪ್ರಿಲ್

ರವಿಚಂದ್ರನಿಗೆ ಫೋನ್ ಮಾಡಿದೆ. ಹೋಟೆಲ್ಲಿನ ಪಕ್ಕದ ಎಸ್‌ಟಿಡಿ ಬೂತಿನಿಂದ. ನನ್ನ ದನಿ ಅವನಿಗೆ ಗುರುತು ಸಿಗಲಿಲ್ಲ, ಹೆಸರು ಹೇಳಿದೆ.

"ಅಪ್ಪನ ಹಾಡು ರೆಡಿಯಾ ಮೇಡಂ?"

"ಇಲ್ಲ. ಅದು ಇರೋದಿಲ್ಲ."

"ಮೇಡಂ, ಜನ ಕಾಯ್ತಿರೋದೇ ಅದಕ್ಕೆ. ಅಪ್ಪ ಕೊನೆಗೆ ಯಾಕೆ ಬರಲಿಲ್ಲ ಅಂತ ಒಂದು ಹಾಡು ಇದ್ದರೆ..."

ಗಾಜಿನ ಆಚೆ ಅಪ್ಪ ಬೆಂಚಿನ ಮೇಲೆ ಒಬ್ಬ ಡ್ರೈವರಿಗೆ ಪೇಪರಿನ ದೊಡ್ಡಕ್ಷರದ ತಲೆಬರಹ ಓದಿ ಹೇಳುತ್ತಿದ್ದ, ಬೆರಳಿಟ್ಟು, ಒಂದೊಂದೇ ಪದ.

"ಅದು ನಾನು ಹಾಡೋ ವಿಷಯ ಅಲ್ಲ ರವಿಚಂದ್ರ. ಎಂಟು ಹಾಡಿವೆ. ಶ್ರುತಿ ಕೆಳಗಿದೆ. ಬೇಕಾದರೆ ಮಾಡಿ. ಬೇಡ ಅಂದರೆ ನನಗೆ ಬೇಜಾರಿಲ್ಲ."

ಬೇಜಾರಿಲ್ಲ ಅಂದದ್ದು ಸುಳ್ಳು. ಅವನು ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಇಟ್ಟುಬಿಟ್ಟ. ಈ ಕ್ಯಾಸೆಟ್ ಆಗದಿದ್ದರೆ ಮತ್ತೊಂದಕ್ಕೆ ಯಾರೂ ಕರೆಯುವುದಿಲ್ಲ. ನನಗೆ ಗೊತ್ತು. ಅಪ್ಪನಿಗೆ ಏನೂ ಹೇಳಲಿಲ್ಲ.

ಶನಿವಾರ, ೮ ಏಪ್ರಿಲ್

ನಾಲ್ಕು ದಿನದ ಬದಲು ಎರಡೇ ದಿನ ಸ್ಟುಡಿಯೋ. ವಾದ್ಯ ಮೂರೇ. ಆದರೆ ಮಾಡುತ್ತಾರೆ. ಮಾಡುತ್ತಾರೆ!

ಅಪ್ಪನಿಗೆ ಹೇಳಿದೆ. "ಯೋಗಾನಂದನ್ ಪೆಟ್ಟಿಗೆ ಭಾರ ಐತೆ. ಹೊರಾಕೆ ಯಾರಾರ ಬೇಕಲ್ಲ" ಅಂದ. ಬರುತ್ತೇನೆ ಎಂದು ಹೇಳುವ ಬಗೆ ಇದು.

ಶುಕ್ರವಾರ, ೨೧ ಏಪ್ರಿಲ್
ಬೆಂಗಳೂರು

ನಿನ್ನೆ ಐದು ಹಾಡು. ಇವತ್ತು ಮೂರು. ಮುಗಿಯಿತು.

ಹಾಡುವ ಕೋಣೆಗೆ ದಪ್ಪ ಬಾಗಿಲು, ಮುಚ್ಚಿದರೆ ಹೊರಗಿನ ಸದ್ದೇ ಇಲ್ಲ. ನಿನ್ನೆ ಒಳಗೆ ಒಬ್ಬಳೇ ನಿಂತಾಗ ದನಿ ಮತ್ತೆ ಮತ್ತೆ ಮೇಲಕ್ಕೆ ಹಾರಲು ನೋಡಿತು, ಹಳೆಯ ಚಾಳಿ. ಇವತ್ತು ಎಂಜಿನಿಯರನ್ನು ಕೇಳಿದೆ: "ನಮ್ಮಪ್ಪ ಒಳಗೆ ಕೂರಬಹುದಾ?"

"ಅಲ್ಲಾಡಬಾರದು, ಕೆಮ್ಮಬಾರದು" ಅಂದರು ಅವರು.

"ಅಲ್ಲಾಡದೆ ಕುಂತ್ಕಳಾದು ನಂಗೆ ಅಭ್ಯಾಸ ಐತೆ ಬಿಡಿ" ಅಂದ ಅಪ್ಪ. ಅದನ್ನು ಕೇಳಿ ನನಗೆ ಒಂದು ನಿಮಿಷ ಶ್ರುತಿಯೇ ಸಿಗಲಿಲ್ಲ.

ಕೊನೆಯದು ಚಿಕ್ಕಮ್ಮನ ಹಾಡು. ಅಪ್ಪ ಪಕ್ಕದ ಸ್ಟೂಲಿನ ಮೇಲೆ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ.

*ಮಾತಾಡವ್ವ ಮಾತಾಡು, ಬಳೆ ಏರಿಸ್ಕೊಂಡು ಮಾತಾಡು,
ನೀ ನಿಲ್ಸಿದ್ರೆ ಮನೆ ಖಾಲಿ, ಒಲೆ ಮುಂದೆ ಮಾತಾಡು.*

ಸೂಜಿಮೊನೆಯಷ್ಟೂ ಒಡೆಯದೆ ಬಂತು. ಕೊನೆಯ ಸಾಲು ಮುಗಿದು ತಂಬೂರಿ ಮಾತ್ರ ಉಳಿದಿತ್ತು. ಟೇಪು ಓಡುತ್ತಲೇ ಇತ್ತು. ಅಪ್ಪನಿಗೆ ಹಾಡು ಮುಗಿಯಿತು ಅನ್ನಿಸಿರಬೇಕು.

"ಸುಸ್ತಾಯ್ತೇನವ್ವ?" ಅಂದ.

"ಇಲ್ಲಪ್ಪ" ಅಂದೆ.

ಗಾಜಿನ ಆಚೆ ರವಿಚಂದ್ರ ತಲೆಯ ಮೇಲೆ ಕೈಯಿಟ್ಟುಕೊಂಡ. ಯೋಗಾನಂದ ಹಾರ್ಮೋನಿಯಂ ಮೇಲೆ ಬಗ್ಗಿ ನಗುತ್ತಿದ್ದ. ಹೊರಗೆ ಬಂದು ಟೇಪು ಕೇಳಿದೆವು. ತಂಬೂರಿಯ ಮೇಲೆ ಅಪ್ಪನ ದನಿ, ಅದರ ಬೆನ್ನಿಗೆ ನನ್ನದು, ಸ್ಪಷ್ಟವಾಗಿ.

"ಕಟ್ ಮಾಡ್ತೀನಿ, ಎರಡು ಸೆಕೆಂಡ್ ಕೆಲಸ" ಅಂದರು ಎಂಜಿನಿಯರು.

"ಬೇಡಿ" ಅಂದೆ.

"ಯಾಕೆ ಮೇಡಂ? ಅದು ಹಾಡಲ್ಲವಲ್ಲ" ಅಂದ ರವಿಚಂದ್ರ.

"ಹಾಡು ಅಲ್ಲಿಗೆ ಮುಗಿಯೋದು" ಅಂದೆ. ಅವನು ಯೋಗಾನಂದನ ಮುಖ ನೋಡಿದ, ಯೋಗಾನಂದ ಆಗಲೇ ಪೆಟ್ಟಿಗೆ ಮುಚ್ಚುತ್ತಿದ್ದ. "ಸರಿ, ಇರ್ಲಿ" ಅಂದ ರವಿಚಂದ್ರ.

ಶನಿವಾರ, ೨೨ ಏಪ್ರಿಲ್
ಬಸ್ಸಿನಲ್ಲಿ

ಅಕ್ಷರ ಅಲ್ಲಾಡುತ್ತಿವೆ.

ನೆಲಮಂಗಲ ದಾಟುವತನಕ ಅಪ್ಪ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಆಮೇಲೆ ಮೆಲ್ಲಗೆ ಕೇಳಿದ, "ನೆನ್ನೆ ನಾನು ಮಾತಾಡಿ ಏನಾರ ಕೆಡಿಸ್ಬುಟ್ನಾ?"

"ಇಲ್ಲ."

"ಅವ್ರು ಯಾಕೋ ತಲೆ ಮ್ಯಾಲೆ ಕೈ ಇಟ್ಕಂಡ್ರು."

"ಅವರಿಗೆ ತಲೆನೋವು."

ನಂಬಿದನೋ ಇಲ್ಲವೋ. ಸ್ವಲ್ಪ ದೂರ ಹೋದಮೇಲೆ ನನ್ನ ಕಡೆ ತಿರುಗದೆ, "ನಿನ್ ಪಕ್ಕದಲ್ಲಿ ಇದ್ನಲ್ಲ, ನೀನು ಕಣ್ ಮುಚ್ಕಂಡಿದ್ದೆ, ಸುಸ್ತಾದಂಗೆ ಕಾಣ್ತು. ಅದ್ಕೆ ಕೇಳ್ದೆ" ಅಂದ.

ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಿದೆ. ಅಪ್ಪ ಇಳಿದು ಹೋಗಿ ಎರಡು ಸೌತೆಕಾಯಿ ತಂದ, ಸೀಳಿ ಉಪ್ಪು ಖಾರ ಹಚ್ಚಿದ್ದು. ಒಂದಕ್ಕೆ ಮಾತ್ರ ಖಾರವಿಲ್ಲ. ಅದನ್ನು ನನ್ನ ಕೈಗಿಟ್ಟು, "ನಿನ್ ಗಂಟ್ಲಿಗೆ ಬ್ಯಾಡ ಅಂತ ಹೇಳಿ ಮಾಡಿಸ್ದೆ" ಅಂದ.

ತಿನ್ನಬೇಕು. ಪೆನ್ನು ಇಡುತ್ತೇನೆ.